ಬಿಚ್ಚಿ ಕಟ್ಟಬಹುದಾದ ಇಯರ್‌ಫೋನು

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕಾಲದ ಹರಳು ರೇಡಿಯೋಗೆ ವಿದ್ಯುತ್ತು ಬೇಡ, ಕಿವಿಗೆ ಹೆಡ್‌ಫೋನು ಮಾತ್ರ ಬೇಕು. ಅಂದಿನ ಎಷ್ಟೋ ಹೆಡ್‌ಫೋನುಗಳ ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ತೆಗೆಯಬಹುದಾಗಿತ್ತು. ತಂತಿ ಹರಿದರೆ ತಿರುಪು ಸಡಿಲಿಸಿ ಬೇರೊಂದನ್ನು ಸಿಕ್ಕಿಸಿದರಾಯಿತು. ಈಗಿನ ಇಯರ್‌ಫೋನಿನ ತಂತಿ ಸಾಮಾನ್ಯವಾಗಿ ಕೆಡುವುದು ಪ್ಲಗ್ಗಿನ ಕುತ್ತಿಗೆಯಲ್ಲಿ. ಮಡಿಚಿ ಮಡಿಚಿ ಒಳಗಿನ ಎಳೆ ತುಂಡಾಗುತ್ತದೆ. ಅಷ್ಟಕ್ಕೇ ಇಡೀ ಸಾಧನ ತಿಪ್ಪೆಗೆ. ತಂತಿಯಿಲ್ಲದವುಗಳ ಪಾಡು ಇನ್ನೂ ಕಷ್ಟ. ಬ್ಯಾಟರಿ ಸವೆಯಿತೆಂದರೆ ಅಂಟಿಸಿದ ಗೂಡನ್ನು ಒಡೆಯದೆ ಗತಿಯಿಲ್ಲ.

ಆದರೆ ಬ್ಯಾಟರಿ ಕಳಚಿ ಬರುವಂತೆ ಮಾಡುವುದು ಅಸಾಧ್ಯವೇನಲ್ಲ. ಹಾಲೆಂಡಿನ ಫೇರ್‌ಫೋನ್ ಸಂಸ್ಥೆ 2024ರಲ್ಲಿ ಅಂಥದನ್ನು ಮಾಡಿ ಮಾರಿತು. ಅದು 2013ರಲ್ಲಿ ತನ್ನ ಮೊದಲ ಫೋನನ್ನು ತಯಾರಿಸಿದ್ದು ಕೊಳ್ಳುವವರ ಮುಂಗಡದಿಂದ. ಪುಸ್ತಕ ಅಚ್ಚಾಗುವ ಮೊದಲೇ ಚಂದಾ ಕೂಡಿಸುವ ನಮ್ಮ ಪದ್ಧತಿಯುಂಟಲ್ಲ, ಅದೇ ಜಾಡು; ಈಗ ಇದಕ್ಕೆ ಕ್ರೌಡ್‌ಫಂಡಿಂಗ್ ಎಂಬ ಹೆಸರು. ಹೊಸ ವಿನ್ಯಾಸಕ್ಕೆ ಎರಕದ ಅಚ್ಚು ಮಾಡಿಸುವ ಖರ್ಚು ದೊಡ್ಡದು, ಅದನ್ನು ಹಲವರು ಹಂಚಿಕೊಳ್ಳುತ್ತಾರೆ. ಮಾಲು ಬಾರದೆಯೂ ಹೋಗಬಹುದು, ಅದು ಚಂದಾದಾರನ ಹಣೆಬರಹ!

ಹಣ ತೆರುವ ಮುನ್ನ ವಿಚಾರಿಸಿ: ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಬಿಚ್ಚಲು ಸಾಮಾನ್ಯ ಸ್ಕ್ರೂಡ್ರೈವರು ಸಾಕೆ? ಮಾಕವಳ್ಳಿಯ ಹುಡುಗ ಅದನ್ನು ಕೆ. ಆರ್. ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿಯವರು ಸರಿಮಾಡಿ ಕೊಡಬಲ್ಲರೆ?