ಪುಡಿಹಿಮದ ಹಲಗೆ ಎಷ್ಟುದ್ದ ಇರಬೇಕು?

ಗುಲ್‌ಮಾರ್ಗ್‌ನಲ್ಲಿ ಸ್ನೋಬೋರ್ಡ್ ಬಾಡಿಗೆಗೆ ಕೊಡುವ ಅಂಗಡಿಗೆ ಮೊದಲ ಸಲ ಕಾಲಿಟ್ಟಾಗ, ಗೋಡೆಗೆ ಒರಗಿಸಿಟ್ಟ ಬೋರ್ಡುಗಳೆಲ್ಲ ನನಗೆ ಒಂದೇ ತರಹ ಕಂಡವು. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದರ ಮೇಲೂ ಒಂದೊಂದು ಸಂಖ್ಯೆ: 148, 154, 158, 163. ಉದ್ದ ಎಷ್ಟು ಸೆಂಟಿಮೀಟರ್ ಎಂಬ ಲೆಕ್ಕ. ಅಂಗಡಿಯಾತ ಒಂದನ್ನು ಎತ್ತಿ ನನ್ನ ಪಕ್ಕ ನೆಟ್ಟಗೆ ನಿಲ್ಲಿಸಿದ. ಅದರ ತುದಿ ನನ್ನ ಗದ್ದದ ಹತ್ತಿರ ಬಂತು. ‘ಸರಿಯಾಗಿದೆ, ತಗೊಳ್ಳಿ’ ಅಂದ. ಹಿಂದಿನ ರಾತ್ರಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಇಳಿಯಲು ಶುರುಮಾಡಿ ಇನ್ನೂರು ಮೀಟರ್ ಆಗುವಷ್ಟರಲ್ಲಿ ಬೋರ್ಡಿನ ಮೂತಿ ಹಿಮದೊಳಗೆ ತೂರತೊಡಗಿತು. ಅದನ್ನು ಮೇಲೆತ್ತಲು ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿದೆ. ತೊಡೆಯಲ್ಲಿ ಬೆಂಕಿ ಹೊತ್ತಿಕೊಂಡ ಹಾಗಾಯಿತು. ಸ್ನೋಬೋರ್ಡ್ ಕಲಿತವರಲ್ಲಿ ಈ ತೊಡೆಯುರಿ ಗೊತ್ತಿಲ್ಲದವರು ಕಡಿಮೆ. ಬಹುಪಾಲು ಸಂದರ್ಭಗಳಲ್ಲಿ ಅದು ಕಾಲಿನ ದೋಷವಲ್ಲ, ಅಳತೆಯ ದೋಷ.

ಗದ್ದಕ್ಕೆ ಹಿಡಿದು ನೋಡುವ ಪದ್ಧತಿ ಎಲ್ಲ ಕಡೆಯೂ ಇದೆ. ಆದರೆ ಹಿಮಕ್ಕೆ ನಮ್ಮ ಎತ್ತರ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ತೂಕ, ಆ ತೂಕ ಹರಡಿಕೊಂಡ ಜಾಗ ಮತ್ತು ವೇಗ, ಈ ಮೂರೇ.

ಹೊಸದಾಗಿ ಬಿದ್ದ ಒಣ ಪುಡಿಹಿಮ ಎಷ್ಟು ಹಗುರ ಎಂಬುದನ್ನು ಮುಟ್ಟಿ ನೋಡದೆ ನಂಬುವುದು ಕಷ್ಟ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಪಾತ್ರೆ ತುಂಬ ಪುಡಿಹಿಮ ತೂಗುವುದು 50ರಿಂದ 100 ಗ್ರಾಂ. ಹೆಚ್ಚುಕಡಿಮೆ ಮಂಡಕ್ಕಿಯ ತೂಕ. ಉಳಿದದ್ದೆಲ್ಲ ಗಾಳಿ. ಹಿಮ ಹೀಗೆ ಹಗುರಾಗಲು ಅದರ ಹರಳಿನ ಆಕಾರವೇ ಕಾರಣ. ಜಪಾನಿನ ಉಕಿಚಿರೊ ನಕಾಯ ಅವರು ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಕೋಣೆಯಲ್ಲಿ 1936ರಲ್ಲಿ ಮೊತ್ತಮೊದಲ ಕೃತಕ ಹಿಮಹರಳನ್ನು ಬೆಳೆಸಿದರು. ಉಷ್ಣತೆ ಮತ್ತು ತೇವಾಂಶ ಬದಲಾದ ಹಾಗೆ ಹರಳಿನ ರೂಪ ಹೇಗೆ ಬದಲಾಗುತ್ತದೆ ಎಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತು. ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿ, ತೇವ ಚೆನ್ನಾಗಿದ್ದರೆ, ಜರೀಗಿಡದ ಎಲೆಯಂತೆ ಕವಲೊಡೆದ ದೊಡ್ಡ ಹರಳುಗಳು ಹುಟ್ಟುತ್ತವೆ. ಇವು ಒಂದರ ಮೇಲೊಂದು ಬಿದ್ದಾಗ ತೋಳಿಗೆ ತೋಳು ಸಿಕ್ಕಿಕೊಂಡು ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಸೈಬೀರಿಯದಿಂದ ಬರುವ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರಾವಿ ತುಂಬಿಕೊಂಡು ಹೊಕ್ಕೈಡೊದ ಬೆಟ್ಟಗಳಿಗೆ ತಾಗುತ್ತದೆ. ಅಲ್ಲಿನ ನಿಸೆಕೊದಲ್ಲಿ ಒಂದು ಚಳಿಗಾಲಕ್ಕೆ ಹತ್ತು ಮೀಟರಿಗೂ ಮೀರಿ ಹಿಮ ಬೀಳುವುದು, ಅದೂ ಇಷ್ಟು ಹಗುರವಾಗಿರುವುದು ಇದರಿಂದಲೇ.

ಇಂಥ ಮಂಡಕ್ಕಿ ರಾಶಿಯ ಮೇಲೆ ಮನುಷ್ಯ ನಿಲ್ಲುವುದು ಹೇಗೆ? ಬಟ್ಟೆ, ಬೂಟು, ಬೆನ್ನುಚೀಲ ಸೇರಿ 80 ಕಿಲೋ ತೂಗುವ ಒಬ್ಬರನ್ನು ತೆಗೆದುಕೊಳ್ಳಿ. ಎರಡು ಬೂಟಿನ ಅಡಿ ಸೇರಿ ಸುಮಾರು 600 ಚದರ ಸೆಂಟಿಮೀಟರ್. ಅಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 130 ಗ್ರಾಂಗಿಂತ ಹೆಚ್ಚು ಭಾರ. ಸೊಂಟದವರೆಗೆ ಹೂತುಹೋಗಲು ಅಷ್ಟು ಸಾಕು. ಅದೇ ವ್ಯಕ್ತಿ ಸುಮಾರು 4,000 ಚದರ ಸೆಂಟಿಮೀಟರಿನ ಬೋರ್ಡಿನ ಮೇಲೆ ನಿಂತರೆ ಭಾರ 20 ಗ್ರಾಂಗೆ ಇಳಿಯುತ್ತದೆ. ಆಗಲೂ ಬೋರ್ಡು ಸ್ವಲ್ಪ ಮುಳುಗುತ್ತದೆ. ಅದನ್ನು ಮೇಲಕ್ಕೆ ತರುವುದು ವೇಗ. ಕಂಬಳದಲ್ಲಿ ಹಲಗೆಯ ಮೇಲೆ ನಿಂತವನನ್ನು ನೆನಪಿಸಿಕೊಳ್ಳಿ. ಕೋಣಗಳು ನಿಂತಿದ್ದಾಗ ಹಲಗೆ ಕೆಸರಿನಲ್ಲಿ ಕೂತಿರುತ್ತದೆ. ಓಟ ಶುರುವಾದರೆ ಕೆಸರು ಕೆಳಕ್ಕೂ ಪಕ್ಕಕ್ಕೂ ಚಿಮ್ಮಿ ಹಲಗೆ ಮೇಲೆ ಬಂದು ಜಾರುತ್ತದೆ. ಪುಡಿಹಿಮದಲ್ಲಿ ನಡೆಯುವುದೂ ಇದೇ. ಓರೆಯಾಗಿ ನುಗ್ಗುವ ಹಲಗೆ ಹಿಮವನ್ನು ಕೆಳಕ್ಕೆ ತಳ್ಳುತ್ತದೆ, ಹಿಮ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಈ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಈ ಒಂಬತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಉದ್ದದ ಪ್ರಶ್ನೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಪುಡಿಹಿಮಕ್ಕೆ ಉದ್ದನೆಯ ಬೋರ್ಡೇ ಬೇಕು ಎಂಬ ನಂಬಿಕೆ ಬಹಳ ಕಾಲ ಇತ್ತು, ಅದಕ್ಕೊಂದು ಹಿನ್ನೆಲೆಯೂ ಇದೆ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿಕೊಟ್ಟರು. ಹಿಮದ ಮೇಲಿನ ಸರ್ಫಿಂಗ್ ಎಂಬ ಅರ್ಥದಲ್ಲಿ ಅವರ ಹೆಂಡತಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟರು. 1970ರ ದಶಕದಲ್ಲಿ ಯೂಟಾದಲ್ಲಿ ದಿಮಿತ್ರಿಯೆ ಮಿಲೊವಿಚ್ ಅವರು ‘ವಿಂಟರ್‌ಸ್ಟಿಕ್’ ಬೋರ್ಡುಗಳನ್ನು ತಯಾರಿಸಿದರು. ಅವರ ಪ್ರಸಿದ್ಧ ಮಾದರಿಯ ಬಾಲ ಎರಡಾಗಿ ಕವಲೊಡೆದಿತ್ತು. ಅದು ಬರೀ ಚೆಂದಕ್ಕಲ್ಲ. ಬಾಲದ ಜಾಗ ಕಡಿಮೆಯಾದರೆ ಬಾಲ ತಾನಾಗಿ ಮುಳುಗುತ್ತದೆ, ಮೂತಿ ತಾನಾಗಿ ಏಳುತ್ತದೆ. ಆಗ ಹಿಂಗಾಲಿಗೆ ತೊಡೆಯುರಿ ಇಲ್ಲ. ಸರ್ಫಿಂಗ್ ಹಲಗೆಯಿಂದ ಬಂದ ಯೋಚನೆ ಇದು, ಉದ್ದವೂ ಅಲ್ಲಿಂದಲೇ ಬಂತು. ಯೂಟಾದ ಬಯಲು ಇಳಿಜಾರುಗಳಲ್ಲಿ ಆ ಉದ್ದ ಯಾರಿಗೂ ತೊಡಕಾಗಲಿಲ್ಲ.

ತೊಡಕಾಗುವುದು ಕಾಡಿನಲ್ಲಿ. ನಿಸೆಕೊದ ಇಳಿಜಾರುಗಳಲ್ಲಿ ಬರ್ಚ್ ಮರಗಳು ದಟ್ಟವಾಗಿ ನಿಂತಿವೆ. ಮರ ಗಾಳಿಯನ್ನು ತಡೆಯುವುದರಿಂದ ಅಲ್ಲಿ ಹರಳುಗಳ ತೋಳು ಮುರಿಯುವುದಿಲ್ಲ. ಹಾಗಾಗಿ ಅತ್ಯಂತ ಹಗುರವಾದ, ಅತ್ಯಂತ ಆಳವಾದ ಹಿಮ ಸಿಗುವುದು ಮರಗಳ ನಡುವೆಯೇ. ಆದರೆ ಅಲ್ಲಿ ಓಡುವಂತಿಲ್ಲ. ನಾಲ್ಕೈದು ಮೀಟರಿಗೊಂದು ಮರ ಇರುವಲ್ಲಿ ಗಂಟೆಗೆ 20 ಕಿ.ಮೀ. ಸಾಕಷ್ಟು ಜೋರು. ವೇಗವಿಲ್ಲದಿದ್ದರೆ ಎತ್ತುವ ಬಲವಿಲ್ಲ, ಬಲವಿಲ್ಲದಿದ್ದರೆ ಹಲಗೆ ದೊಡ್ಡದಿರಬೇಕು. ದೊಡ್ಡದೆಂದು ಉದ್ದ ಮಾಡಿದರೆ ಮರದ ನಡುವೆ ತಿರುಗುವುದಿಲ್ಲ. ತೇಲುವಿಕೆ ಎಲ್ಲಿ ಅತಿ ಹೆಚ್ಚು ಬೇಕೋ ಅಲ್ಲೇ ಉದ್ದಕ್ಕೆ ಜಾಗವಿಲ್ಲ.

ಈ ಗಂಟನ್ನು ಬಿಡಿಸಿದ್ದು ಅಗಲ. ಲೆಕ್ಕ ನೋಡಿ: 158 ಸೆಂ.ಮೀ. ಉದ್ದ, ನಡುವಿನಲ್ಲಿ 25 ಸೆಂ.ಮೀ. ಅಗಲದ ಬೋರ್ಡೊಂದಿದೆ. ಇದರ ಅಗಲ ಒಂದು ಸೆಂಟಿಮೀಟರ್ ಹೆಚ್ಚಿಸಿದರೆ ಜಾಗ ಶೇ 4ರಷ್ಟು ಹೆಚ್ಚುತ್ತದೆ. ಅಷ್ಟೇ ಜಾಗವನ್ನು ಉದ್ದದಿಂದ ಗಳಿಸಬೇಕಾದರೆ ಆರು ಸೆಂಟಿಮೀಟರಿಗೂ ಹೆಚ್ಚು ಸೇರಿಸಬೇಕು. ಅಂದರೆ ಒಂದು ಬೆರಳಿನ ಅಗಲಕ್ಕಿಂತ ಕಡಿಮೆ ಸೇರಿಸಿ ಕಾಲು ಗೇಣಿನಷ್ಟು ಉದ್ದವನ್ನು ಕತ್ತರಿಸಿ ಹಾಕಬಹುದು. 160 ಉದ್ದ, 25.2 ಅಗಲದ ಬೋರ್ಡಿಗೂ 152 ಉದ್ದ, 26.5 ಅಗಲದ ಬೋರ್ಡಿಗೂ ಗುಣಾಕಾರ ಒಂದೇ, 4,030ರ ಆಸುಪಾಸು. ತೇಲುವಿಕೆ ಹೆಚ್ಚುಕಡಿಮೆ ಸಮ. ಆದರೆ ತಿರುಗಿಸುವಾಗ ಸಮವಲ್ಲ. ಒಂದು ಕೋಲನ್ನು ನಡುವೆ ಹಿಡಿದು ತಿರುಗಿಸಲು ಬೇಕಾಗುವ ಪ್ರಯಾಸ ಉದ್ದದ ವರ್ಗದಂತೆ ಏರುತ್ತದೆ. ತೂಕ ಒಂದೇ ಇದ್ದರೂ 160ರ ಬೋರ್ಡಿನ ಜಡತ್ವ 152ರದ್ದಕ್ಕಿಂತ ಸುಮಾರು ಶೇ 11 ಹೆಚ್ಚು. ಎರಡು ಮರಗಳ ನಡುವೆ ಅರ್ಧ ಸೆಕೆಂಡು ಕೈಯಲ್ಲಿರುವಾಗ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಕುಳ್ಳ-ಅಗಲ ಬೋರ್ಡುಗಳ ಈ ವಿದ್ಯೆಗೆ ಕೆ2 ಕಂಪನಿ ‘ವಾಲ್ಯೂಮ್ ಶಿಫ್ಟ್’ ಎಂದು ಹೆಸರು ಕೊಟ್ಟಿದೆ. ನಿಸೆಕೊದಲ್ಲೇ ತಾರೊ ತಮಾಯ್ ಅವರ ಜೆಂಟೆಮ್‌ಸ್ಟಿಕ್ ಬೋರ್ಡುಗಳು ಸರ್ಫಿಂಗ್‌ನ ರೂಪಗಳನ್ನು ಹಿಮಕ್ಕೆ ಒಗ್ಗಿಸಿಕೊಂಡು ಹೆಸರು ಮಾಡಿವೆ. ಸಾಮಾನ್ಯವಾಗಿ 158 ಬಳಸುವವರು ಕಾಡಿನ ಪುಡಿಹಿಮಕ್ಕೆಂದು 150ರಿಂದ 153ರ ಅಗಲ ಬೋರ್ಡು ಆರಿಸಿದರೆ ಮುಳುಗುವ ಭಯ ಬೇಕಿಲ್ಲ.

ಹಾಗಾದರೆ ಎಲ್ಲ ಕಡೆಯೂ ಕುಳ್ಳ-ಅಗಲವೇ ಸಾಕಲ್ಲ ಎಂದರೆ, ಅಲಾಸ್ಕಾ ಇಲ್ಲ ಎನ್ನುತ್ತದೆ. ಅಲ್ಲಿನ ಚುಗಾಚ್ ಪರ್ವತಗಳಲ್ಲಿ 45 ಡಿಗ್ರಿಗೂ ಕಡಿದಾದ, ಮರವಿಲ್ಲದ ಮುಖಗಳಿವೆ. ಕಡಲು ಹತ್ತಿರವಿರುವುದರಿಂದ ಹಿಮದಲ್ಲಿ ಸ್ವಲ್ಪ ತೇವವಿದ್ದು ಅಷ್ಟು ಕಡಿದಿನಲ್ಲೂ ಅಂಟಿಕೊಂಡಿರುತ್ತದೆ. ಅಲ್ಲಿ ಇಳಿಯುವವರು ಗಂಟೆಗೆ 60 ಕಿ.ಮೀ. ಮುಟ್ಟುವುದು ಸಾಮಾನ್ಯ. ಕಾಡಿನ 20ರ ಮೂರು ಪಟ್ಟು. ಎತ್ತುವ ಬಲ ಒಂಬತ್ತು ಪಟ್ಟು. ತೇಲಿಸಲು ವೇಗವೇ ಸಾಕು. ಆದರೂ ಅವರು 165, 170ರ ಬೋರ್ಡು ತೆಗೆದುಕೊಂಡು ಹೋಗುತ್ತಾರೆ. ಯಾಕೆ? ಉದ್ದ ಅಲ್ಲಿ ತೇಲುವುದಕ್ಕಲ್ಲ, ನೆಟ್ಟಗೆ ಹೋಗುವುದಕ್ಕೆ. ಆ ವೇಗದಲ್ಲಿ ಮೂತಿಗೊಂದು ಗಟ್ಟಿ ಹಿಮದ ಉಂಡೆ ಬಡಿದರೆ ಕುಳ್ಳ ಬೋರ್ಡು ತಟ್ಟನೆ ಮುಗ್ಗರಿಸುತ್ತದೆ. ಉದ್ದನೆಯದು ತನ್ನ ಜಡತ್ವದಿಂದಲೇ ಅದನ್ನು ನುಂಗಿ ಮುಂದೆ ಹೋಗುತ್ತದೆ. ಕಾಡಿನಲ್ಲಿ ಶತ್ರುವಾಗಿದ್ದ ಅದೇ ಜಡತ್ವ ಬಯಲಿನಲ್ಲಿ ಕಾಯುತ್ತದೆ. ಜೊತೆಗೆ, ಗಾಳಿ ಉಜ್ಜಿ ಗಟ್ಟಿಯಾದ ಕಡೆ ಹಿಡಿತ ಕೊಡುವುದು ಬೋರ್ಡಿನ ಉಕ್ಕಿನ ಅಂಚು. ಉದ್ದ ಹೆಚ್ಚಿದರೆ ಅಂಚೂ ಹೆಚ್ಚು. ಇದನ್ನು ಅಗಲದಿಂದ ಸರಿದೂಗಿಸಲು ಆಗುವುದಿಲ್ಲ. ಅಗಲವಾದಷ್ಟೂ ಬೋರ್ಡನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸಲು ಹೆಚ್ಚು ಹೊತ್ತು ಬೇಕು, ಪಾದದ ಗೆಣ್ಣಿನ ಮೇಲೆ ಎಳೆತವೂ ಹೆಚ್ಚು.

ಉದ್ದದಷ್ಟೇ ಮುಖ್ಯವಾದದ್ದು ಕಾಲಿಡುವ ಜಾಗ. ಪುಡಿಹಿಮದ ಬೋರ್ಡುಗಳಲ್ಲಿ ಮೂತಿ ಅಗಲ, ಬಾಲ ಸ್ವಲ್ಪ ಕಿರಿದು. ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗ್‌ಗಳನ್ನು ಮಧ್ಯಕ್ಕಿಂತ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಕೂರಿಸಿರುತ್ತಾರೆ. ಇದರಿಂದ ಮುಂದಿನ ಭಾಗ ಉದ್ದವಾದಂತಾಯಿತು, ಇಡೀ ಬೋರ್ಡು ಉದ್ದವಾಗಲಿಲ್ಲ. ನನ್ನ ಆ ಮೊದಲ ದಿನದ ಬೋರ್ಡಿನಲ್ಲಿ ಕಾಲುಗಳು ಸರಿಯಾಗಿ ಮಧ್ಯದಲ್ಲಿದ್ದವು, ಮೂತಿಯೂ ಬಾಲವೂ ಒಂದೇ ಅಗಲ. ಮರುದಿನ ಅದೇ ಬೋರ್ಡಿನ ತಿರುಪುಗಳನ್ನು ಬಿಚ್ಚಿ ಎರಡೂ ಬೈಂಡಿಂಗ್‌ಗಳನ್ನು ಒಂದೊಂದು ತೂತು ಹಿಂದಕ್ಕೆ ಸರಿಸಿದ್ದಕ್ಕೇ ತೊಡೆಯುರಿ ಅರ್ಧ ಇಳಿಯಿತು.

ಗುಲ್‌ಮಾರ್ಗ್‌ನ ಕಷ್ಟ, ಹಾಗೆಯೇ ಅದರ ಸೊಗಸು ಏನೆಂದರೆ, ಒಂದೇ ಇಳಿತದಲ್ಲಿ ಅಲಾಸ್ಕಾವೂ ನಿಸೆಕೊವೂ ಸಿಗುತ್ತವೆ. ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಅಲ್ಲಿ ಮರವೇ ಇಲ್ಲ. ವಿಶಾಲವಾದ ಬಟ್ಟಲುಗಳು, ಗಾಳಿ ಉಜ್ಜಿದ ದಿಣ್ಣೆಗಳು. ಇಳಿಯುತ್ತ ಬಂದ ಹಾಗೆ ಭೂರ್ಜ ಮರಗಳು ಶುರುವಾಗುತ್ತವೆ. ಹಿಂದೆ ಕಾಶ್ಮೀರದ ಪಂಡಿತರು ಗ್ರಂಥ ಬರೆಯಲು ಬಳಸುತ್ತಿದ್ದ ತೊಗಟೆ ಇದರದ್ದೇ, ನಿಸೆಕೊದ ಬರ್ಚಿಗೆ ಇದು ದಾಯಾದಿ. ಬಿಳಿ ತೊಗಟೆ ಹಾಳೆ ಹಾಳೆಯಾಗಿ ಸುಲಿದು ಗಾಳಿಗೆ ಅಲುಗುತ್ತಿರುತ್ತದೆ. ಇನ್ನೂ ಕೆಳಗೆ ಫರ್ ಮರಗಳ ಕಾಡು. ಕೊನೆಗೆ ಸಪಾಟು ದಾರಿ. ಸ್ನೋಬೋರ್ಡಿನವರ ಕೈಯಲ್ಲಿ ಕೋಲಿರುವುದಿಲ್ಲ, ವೇಗ ಸತ್ತರೆ ಕಾಲು ಬಿಚ್ಚಿಕೊಂಡು ತೊಡೆಯುದ್ದದ ಹಿಮದಲ್ಲಿ ನಡೆಯಬೇಕು. ಅಲ್ಲಿ ಮಾತ್ರ ಉದ್ದ, ಅಗಲ ಎರಡೂ ಇದ್ದಷ್ಟೂ ಒಳ್ಳೆಯದು. ಇಡೀ ಬೆಟ್ಟಕ್ಕೆ ಒಂದೇ ಬೋರ್ಡು ಎಂದಾದರೆ, 75 ಕಿಲೋ ಆಸುಪಾಸಿನವರಿಗೆ ನಾನು ಹೇಳುವುದು 156ರಿಂದ 160, ಬಾಲ ಕಿರಿದಾದದ್ದು, ಮೂತಿ ಮೇಲಕ್ಕೆ ಬಾಗಿದ್ದು. ಇಡೀ ದಿನ ಕಾಡಿನಲ್ಲೇ ಇರುವುದಾದರೆ ಇದರಲ್ಲಿ ಐದು ಕಡಿಮೆ ಮಾಡಿ, ಅಗಲ ನೋಡಿಕೊಳ್ಳಿ.

ಕಾಡು ಎಂದಾಗ ಒಂದು ಎಚ್ಚರ ಹೇಳಲೇಬೇಕು. ಫರ್ ಮರದ ತಗ್ಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಸಡಿಲ ಹಿಮದ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ತಲೆಕೆಳಗಾಗಿ ಅದರೊಳಗೆ ಬಿದ್ದವರ ಎರಡೂ ಕಾಲು ಬೋರ್ಡಿಗೆ ಕಟ್ಟಿರುತ್ತವೆ, ತಾವಾಗಿ ಹೊರಬರುವುದು ಅಸಾಧ್ಯಕ್ಕೆ ಹತ್ತಿರ. ಯಾವ ಅಳತೆಯ ಬೋರ್ಡೂ ಅಲ್ಲಿ ನೆರವಿಗೆ ಬರುವುದಿಲ್ಲ. ಬರುವುದು ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವ ಜೊತೆಗಾರ ಮಾತ್ರ. ಮೇಲಿನ ಬಯಲಿನಲ್ಲಿ ಹಿಮಕುಸಿತದ ಅಪಾಯ ಬೇರೆ. ಆದ್ದರಿಂದ ಹೂತವರ ಜಾಗ ತಿಳಿಸುವ ಬೀಕನ್ ಮೈಗೆ ಕಟ್ಟಿಕೊಂಡು, ಸಲಿಕೆ, ಶೋಧಕೋಲು ಇರುವ ಚೀಲ ಹೊರುತ್ತೇವಲ್ಲ, ಅದರ ಐದಾರು ಕಿಲೋ ತೂಕವನ್ನೂ ಅಳತೆಗೆ ಸೇರಿಸಬೇಕು.

ಇಷ್ಟಾದ ಮೇಲೆ ಅಂಗಡಿಯಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ. ಎಷ್ಟು ತೂಕದವರಿಗೆ ಯಾವ ಉದ್ದ ಎಂಬ ಪಟ್ಟಿಯನ್ನು ಬಹುಪಾಲು ತಯಾರಕರು ಕೊಡುತ್ತಾರೆ, ಅದನ್ನು ಕೇಳಿ. ನಡುವಿನ ಅಗಲ ಎಷ್ಟು ಎಂದು ಕೇಳಿ. ಆಮೇಲೆ ನಿಮ್ಮ ಬೂಟನ್ನೇ ಬೈಂಡಿಂಗ್‌ಗೆ ಕಟ್ಟಿ, ಬೋರ್ಡನ್ನು ನೆಲದ ಮೇಲೆ ಒಂದು ಅಂಚಿನಲ್ಲಿ ನಿಲ್ಲಿಸಿ ನಿಧಾನವಾಗಿ ಓರೆ ಮಾಡಿ. ಬೂಟಿನ ತುದಿ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಆಚೆ ಬಂದಿದ್ದರೆ ಸರಿ. ಅದಕ್ಕೂ ಹೆಚ್ಚು ಚಾಚಿ ಬೇಗನೆ ನೆಲಕ್ಕೆ ತಾಗಿದರೆ, ಗಟ್ಟಿ ಹಿಮದ ತಿರುವಿನಲ್ಲಿ ಅದೇ ಬೆರಳ ತುದಿ ಹಿಮಕ್ಕೆ ಸಿಕ್ಕಿ ನಿಮ್ಮನ್ನು ಕೆಡವುತ್ತದೆ. ಇನ್ನೂ ಅರ್ಧ ಸೆಂಟಿಮೀಟರ್ ಅಗಲದ್ದು ಕೊಡಿ ಎನ್ನಿ.