ಆಪ್ಟ್‌ಗೂ ಪಿಪ್‌ಗೂ ಏಕೆ ಹೊಂದುವುದಿಲ್ಲ

ಉಬುಂಟು ಇರುವ ಕಂಪ್ಯೂಟರಿನಲ್ಲಿ ಪೈಥಾನ್ ಇರುವುದು ನಮ್ಮ ಪ್ರೋಗ್ರಾಮುಗಳಿಗಷ್ಟೇ ಅಲ್ಲ. ಇಲ್ಲದ ಆಜ್ಞೆ ಟೈಪಿಸಿದರೆ 'ಇದು ಇಂಥ ಪ್ಯಾಕೇಜಿನಲ್ಲಿದೆ' ಎಂದು ತಿಳಿಸುವ ಸಾಧನ, ಹೊಸ ರೆಪಾಸಿಟರಿ ಸೇರಿಸುವ ಸಾಧನ, ಎರಡನ್ನೂ ಪೈಥಾನ್‌ನಲ್ಲೇ ಬರೆದಿದ್ದಾರೆ. ಅವಕ್ಕೆ ಬೇಕಾದ ಲೈಬ್ರರಿಗಳನ್ನು ಒಂದಕ್ಕೊಂದು ಹೊಂದುವಂತೆ ಆರಿಸಿ ಕೂರಿಸುವ ಕೆಲಸ ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನದು. ಪಿಪ್ ಪೈಥಾನ್‌ನ ಸ್ವಂತ ಪ್ಯಾಕೇಜ್ ಮ್ಯಾನೇಜರ್. ಪೈಪಿಐ ಎಂಬ ಸಾರ್ವಜನಿಕ ಭಂಡಾರದಿಂದ ಹೊಚ್ಚಹೊಸ ಆವೃತ್ತಿಗಳನ್ನು ತರುತ್ತದೆ. ಒಂದೇ ಉಗ್ರಾಣಕ್ಕೆ ಇಬ್ಬರು ಲೆಕ್ಕ ಬರೆದ ಹಾಗಾಯಿತು. ಪಿಪ್ ತಂದದ್ದು ಆಪ್ಟ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ಆಪ್ಟ್ ತಂದದ್ದು ಪಿಪ್‌ಗೆ ಕಂಡರೂ, ಅದನ್ನು ನೆಚ್ಚಿಕೊಂಡವರು ಯಾರೆಂದು ತಿಳಿಯುವುದಿಲ್ಲ.

ಉಬುಂಟು 22.04ರಲ್ಲಿ ಯಾರೋ ನಿರ್ವಾಹಕರ ಅಧಿಕಾರ ಕೊಡುವ ಸುಡೋ ಹಾಕಿ ಪಿಪ್ ಮೂಲಕ 'ರಿಕ್ವೆಸ್ಟ್ಸ್' ಲೈಬ್ರರಿಯನ್ನು ಹೊಸದು ಮಾಡಿದರು ಎನ್ನಿ. ಹಳೆಯ ಪ್ರತಿ ಅಳಿಯುವುದಿಲ್ಲ, ಇದ್ದಲ್ಲೇ ಇರುತ್ತದೆ. ಹೊಸದು ಯುಎಸ್‌ಆರ್ ಒಳಗಿನ 'ಲೋಕಲ್' ಫೋಲ್ಡರಿಗೆ ಹೋಗಿ ಕೂರುತ್ತದೆ. ಪೈಥಾನ್ ಲೈಬ್ರರಿ ಹುಡುಕುವಾಗ 'ಲೋಕಲ್' ಸರದಿಯಲ್ಲಿ ಮೊದಲು ಬರುವುದರಿಂದ ಹಳೆಯ ಪ್ರತಿಯನ್ನು ಯಾರೂ ಕೇಳುವವರಿಲ್ಲ. ಆಪ್ಟ್‌ನ ಲೆಕ್ಕ ಇಡುವ ಡಿಪಿಕೆಜಿಯನ್ನು ವಿಚಾರಿಸಿದರೆ ಅದು ಹಳೆಯ ಆವೃತ್ತಿಯ ಸಂಖ್ಯೆಯನ್ನೇ ಹೇಳುತ್ತದೆ, ಓಡುತ್ತಿರುವುದು ಹೊಸದು. ಹೊಸ ಆವೃತ್ತಿಯಲ್ಲಿ ಒಂದು ಫಂಕ್ಷನ್ ಕೈಬಿಟ್ಟಿದ್ದರೆ ಸಾಕು, ನಮಗೆ ಸಂಬಂಧವೇ ಇಲ್ಲದ ಸಾಧನವೊಂದು ಎಂದೋ ಒಂದು ದಿನ ಮುಗ್ಗರಿಸುತ್ತದೆ. ಕಾರಣ ಅಷ್ಟು ಹಿಂದೆ ನಡೆದದ್ದಾದ್ದರಿಂದ ಹುಡುಕುವವರ ಕಣ್ಣಿಗೆ ಬೀಳುವುದೂ ಇಲ್ಲ. ಇಂಥ ಹೊತ್ತಿನಲ್ಲಿ ಆ ಲೈಬ್ರರಿ ಯಾವ ಫೈಲಿನಿಂದ ಬಂತೆಂದು ಪೈಥಾನ್ ಅನ್ನೇ ಕೇಳಬೇಕು. ಉತ್ತರದಲ್ಲಿ 'ಲೋಕಲ್' ಕಂಡರೆ ಪಿಪ್‌ನಿಂದಲೇ ಅದನ್ನು ತೆಗೆಸಿ. ಆಪ್ಟ್‌ನ ಪ್ರತಿ ತಾನಾಗಿ ಮುಂದೆ ಬರುತ್ತದೆ.

ಉಬುಂಟುವಿಗೆ ಮೂಲವಾದ ಡೆಬಿಯನ್‌ನ 2023ರಲ್ಲಿ ಬಂದ 12ನೇ ಆವೃತ್ತಿ ಈ ಬೆರಕೆಗೆ ತಡೆ ಹಾಕಿತು. ಪೆಪ್ 668 ಎಂಬ ಒಪ್ಪಂದದಂತೆ ವ್ಯವಸ್ಥೆಯ ಪೈಥಾನ್ ಫೋಲ್ಡರಿನಲ್ಲಿ ಒಂದು ಗುರುತಿನ ಫೈಲ್ ಇರುತ್ತದೆ. ಅದನ್ನು ಕಂಡೊಡನೆ ಪಿಪ್ 'ಇದನ್ನು ಬೇರೆಯವರು ನಿರ್ವಹಿಸುತ್ತಿದ್ದಾರೆ' ಎಂದು ಹಿಂದೆ ಸರಿಯುತ್ತದೆ. ತಡೆ ದಾಟಲು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆ ಉಂಟು. ಏನಾಗಬಹುದೆಂಬುದನ್ನು ಹೆಸರೇ ಸಾರುತ್ತಿದೆ. ಅವಸರಕ್ಕೆ ಅದನ್ನು ಅಂಟಿಸಿ ಮುಂದುವರಿಯುವುದನ್ನು ನಾನಂತೂ ಯಾರಿಗೂ ಹೇಳಿಕೊಡಲಾರೆ. ಬಳಸಿ ಎಸೆಯುವ ಕಂಟೇನರಿನಲ್ಲಾದರೆ ಸರಿ, ದಿನನಿತ್ಯದ ಯಂತ್ರದಲ್ಲಿ ಬೇಡ.

ಸರಿದಾರಿಯೇನೂ ಕಷ್ಟದ್ದಲ್ಲ. ಪ್ರತ್ಯೇಕ ಪೈಥಾನ್ ಪರಿಸರ ಕಟ್ಟಿಕೊಡುವ 'ವೆನ್ವ್' 2012ರ ಪೈಥಾನ್ 3.3ರಿಂದಲೇ ಪೈಥಾನ್ ಜೊತೆಗೆ ಬರುತ್ತಿದೆ. ಡೆಬಿಯನ್, ಉಬುಂಟುಗಳಲ್ಲಿ ಅದರ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಬಹುದು. ಒಂದೊಂದು ಪ್ರಾಜೆಕ್ಟಿಗೂ ಒಂದೊಂದು ಫೋಲ್ಡರ್, ಅದರೊಳಗೆ ಅದರದೇ ಲೈಬ್ರರಿಗಳು. ಆ ಫೋಲ್ಡರಿನ ಪಿಪ್ ಹೊರಗಿನದನ್ನು ಮುಟ್ಟುವುದಿಲ್ಲ, ಸುಡೋ ಕೂಡ ಬೇಕಿಲ್ಲ. ಲೈಬ್ರರಿಯಲ್ಲದೆ ಇಡೀ ಸಾಧನವೇ ಬೇಕಿದ್ದರೆ ಪಿಪ್‌ಎಕ್ಸ್ ಇದೇ ಏರ್ಪಾಡನ್ನು ತಾನೇ ಮಾಡಿಕೊಡುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ: ವೆನ್ವ್ ತನ್ನ ಪೈಥಾನ್ ಅನ್ನು ವ್ಯವಸ್ಥೆಯಿಂದಲೇ ಎರವಲು ಪಡೆಯುತ್ತದೆ. ಡೆಬಿಯನ್ 12ರ 3.11 ಹೋಗಿ ಡೆಬಿಯನ್ 13ರ 3.13 ಬಂದಾಗ ಹಳೆಯ ವೆನ್ವ್‌ಗಳು ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಅಪ್‌ಗ್ರೇಡ್‌ಗೆ ಮೊದಲೇ 'ಪಿಪ್ ಫ್ರೀಜ್' ಕೊಟ್ಟು ಲೈಬ್ರರಿಗಳ ಪಟ್ಟಿಯನ್ನು ಒಂದು ಫೈಲಿಗೆ ಇಳಿಸಿಕೊಳ್ಳಿ. ಆಮೇಲೆ ಫೋಲ್ಡರ್ ಅಳಿಸಿ, ಹೊಸ ವೆನ್ವ್ ಕಟ್ಟಿ, ಆ ಪಟ್ಟಿಯನ್ನೇ ಪಿಪ್‌ಗೆ ಕೊಡಿ.