ಹಳೇ ಗಾಡಿಗೆ ಹೊಸ ಮುಂಭಾಗ ಕೂರುತ್ತದೆಯೇ?

ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಗಾಡಿಯನ್ನು ನೀವು ನೋಡಿರುತ್ತೀರಿ. ಅದರ ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕು. ನಮ್ಮಣ್ಣ ಶಿರಾದ ಗುಜರಿಯಿಂದ ಸ್ಪೋರ್ಟ್ಸ್ ಬೈಕಿನ ಫೋರ್ಕು, ಚಕ್ರ, ಡಿಸ್ಕ್ ಬ್ರೇಕು ತಂದು, "ನಾಲ್ಕು ಬೋಲ್ಟು ಬಿಚ್ಚಿದ್ರೆ ಆಯ್ತು" ಅಂದ. ಆಗಲಿಲ್ಲ.

ಯಾಕೆ? ಗಾಡಿಯ ಕತ್ತಿನ ಕೊಳವೆಯೊಳಗೆ ತಿರುಗುವ ಕಂಬಿಗೆ ಸ್ಟೆಮ್ ಅಂತ ಹೆಸರು. ಅದರ ಉದ್ದ, ದಪ್ಪ, ಬೇರಿಂಗು ಮೂರೂ ತಾಳೆಯಾಗಬೇಕು. ಇಲ್ಲವಾದರೆ ಲೇತ್‌ನಲ್ಲಿ ಅಳತೆಗೆ ಸರಿಯಾದ ಸ್ಟೆಮ್ ಮಾಡಿಸಬೇಕು. ಸುಮ್ಮನೆ ವೆಲ್ಡಿಂಗ್ ಹೊಡೆಸಿದರೆ ಗುಂಡಿಗೆ ಇಳಿದಾಗ ಮುರಿದೀತು!

ಇನ್ನೊಂದು ವಿಷಯ. ಸೈಕಲ್ಲಿನ ಸೀಟು ಮಾತ್ರ ಹಿಡಿದು ಎಡಕ್ಕೆ ವಾಲಿಸಿ ನೋಡಿ. ಹ್ಯಾಂಡಲ್ ತಾನೇ ಎಡಕ್ಕೆ ತಿರುಗುತ್ತದೆ. ಕತ್ತಿನ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದಿರುತ್ತದೆ. ಈ ಅಂತರವೇ ಟ್ರೇಲ್. ಫೋರ್ಕು ಗಿಡ್ಡವಾದರೆ, ಚಕ್ರ ಚಿಕ್ಕದಾದರೆ ಟ್ರೇಲ್ ಕಡಿಮೆಯಾಗಿ ವೇಗದಲ್ಲಿ ಹ್ಯಾಂಡಲ್ ನಡುಗಬಹುದು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಸಹ ಗಾಡಿಯ ಮೂಲ ರಚನೆ ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲು ಮಧುಗಿರಿಯ ಸಾರಿಗೆ ಕಚೇರಿಯಲ್ಲಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಬೇಕು.

ಅಣ್ಣ ಹಳೇ ಫೋರ್ಕನ್ನೇ ಮತ್ತೆ ಕೂರಿಸಿ, ಹೊಸ ಬ್ರೇಕ್ ಲೈನರ್ ಹಾಕಿಸಿದ. ಗಾಡಿ ಈಗ ಹಿಡಿದ ಕಡೆ ನಿಲ್ಲುತ್ತೆ.